ಅಮಿಯೋಡರೋನ್ ಡ್ರಿಪ್‌ನಿಂದಾಗುವ ರಕ್ತನಾಳದ ಉರಿಯೂತ ತಡೆಯುವ ಕುರಿತು ಮನವಿ ಪತ್ರ

ಇವರಿಗೆ:
ಮಾನ್ಯ ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು, ಬೆಂಗಳೂರು.

ಇವರಿಂದ:
ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ತೀವ್ರ ನಿಗಾ ಘಟಕಗಳ ಶುಶ್ರೂಷಾಧಿಕಾರಿಗಳು.

ವಿಷಯ: ಅಮಿಯೋಡರೋನ್ ನೀಡಿಕೆಗೆ ಏಕರೂಪದ ಸೂಚನೆ ಹೊರಡಿಸಿ, ಬೇಕಾದ ಸಾಮಗ್ರಿ ಒದಗಿಸುವ ಬಗ್ಗೆ.

ಮಾನ್ಯರೇ,

ಹೃದಯದ ಬಡಿತ ಲಯ ತಪ್ಪಿದವರಿಗೆ ನಾವು ಮತ್ತೆ ಮತ್ತೆ ಹಾಕುವ ಡ್ರಿಪ್ ಅಮಿಯೋಡರೋನ್. 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಇದರ ಚುಚ್ಚುಮದ್ದೂ ಸೇರಿದೆ. ಜೀವ ಉಳಿಸುವ ಈ ಔಷಧ ತಾನು ಹರಿಯುವ ರಕ್ತನಾಳವನ್ನೇ ಕೆರಳಿಸುತ್ತದೆ. ರಾತ್ರಿ ಡ್ರಿಪ್ ಹಾಕಿದ ಕೈಯಲ್ಲಿ ಬೆಳಗಾಗುವಷ್ಟರಲ್ಲಿ ಕ್ಯಾನುಲಾದಿಂದ ಮೇಲಕ್ಕೆ ಕೆಂಪು ಗೆರೆ ಎದ್ದಿರುತ್ತದೆ. ಮುಟ್ಟಿದರೆ ಚರ್ಮದಡಿ ಹುರಿಯಂತೆ ಗಟ್ಟಿ. ಎದೆಬಡಿತ ಸರಿಹೋದರೂ ಕೂಲಿಗೆ ಹೋಗಬೇಕಾದವರು ಕೈ ಮಡಚಲಾಗದೆ ಮನೆಗೆ ಮರಳುತ್ತಾರೆ.

ಔಷಧ ಆಮ್ಲೀಯವಾಗಿದೆ, ಪಿಎಚ್ ಸುಮಾರು 4. ನೀರಿನಲ್ಲಿ ಸುಲಭವಾಗಿ ಕರಗದ ಕಾರಣ ಪಾಲಿಸಾರ್ಬೇಟ್ 80 ಮತ್ತು ಬೆಂಜೈಲ್ ಆಲ್ಕೊಹಾಲ್ ಬೆರೆಸಿರುತ್ತಾರೆ. ಆದ್ದರಿಂದ ಎಷ್ಟು ದ್ರವದಲ್ಲಿ ಬೆರೆಸುತ್ತೇವೆ ಎಂಬುದೇ ಇಲ್ಲಿ ಮುಖ್ಯ. ಒಂದು ಗಂಟೆಗಿಂತ ಹೆಚ್ಚು ಹೊತ್ತು ಕೈಯ ರಕ್ತನಾಳದಲ್ಲಿ ಹರಿಸುವಾಗ ಮಿಲಿಲೀಟರಿಗೆ 2 ಮಿಲಿಗ್ರಾಂ ಮೀರಬಾರದು. 150 ಮಿಲಿಗ್ರಾಂನ ಆರು ಆಂಪ್ಯೂಲ್‌ಗಳನ್ನು 500 ಮಿಲಿಲೀಟರ್ ಡೆಕ್ಸ್‌ಟ್ರೋಸ್‌ಗೆ ಸೇರಿಸಿದರೆ ಸುಮಾರು 1.8 ಆಗುತ್ತದೆ. ಆದರೆ 300 ಮಿಲಿಗ್ರಾಂ ಅನ್ನು ಸಿರಿಂಜ್ ಪಂಪ್‌ನ 50 ಮಿಲಿಲೀಟರ್‌ನಲ್ಲಿ ತುಂಬಿದರೆ 6 ಆಗುತ್ತದೆ, ಅಂದರೆ ಮಿತಿಯ ಮೂರು ಪಟ್ಟು. ಅದಕ್ಕೆ ಸೆಂಟ್ರಲ್ ಲೈನ್ ಬೇಕು. ಸೆಂಟ್ರಲ್ ಲೈನ್ ಹಾಕುವವರು ಎಲ್ಲ ತಾಲ್ಲೂಕು ಆಸ್ಪತ್ರೆಗಳಲ್ಲಿ ಎಲ್ಲ ಹೊತ್ತಿನಲ್ಲೂ ಇರುವುದಿಲ್ಲ ಎಂಬುದು ತಮಗೂ ತಿಳಿದಿದೆ. ಹಾಗಾಗಿ ಬೆರೆಸುವ ಪ್ರಮಾಣವನ್ನು ಒಂದೇ ಪುಟದಲ್ಲಿ ಕನ್ನಡದಲ್ಲಿ ಮುದ್ರಿಸಿ, ಪ್ರತಿ ಔಷಧ ಟ್ರಾಲಿಯ ಮೇಲೆ ಅಂಟಿಸಲು ಆದೇಶಿಸಬೇಕು. ಶೇ. 5 ಡೆಕ್ಸ್‌ಟ್ರೋಸ್ ಮಾತ್ರ ಬಳಸಬೇಕು, ನಾರ್ಮಲ್ ಸಲೈನ್ ಸಲ್ಲದು, ಹೆಪಾರಿನ್ ಅಥವಾ ಸೋಡಿಯಂ ಬೈಕಾರ್ಬನೇಟ್ ಅದೇ ಲೈನ್‌ನಲ್ಲಿ ಹೋಗಬಾರದು ಎಂಬುದೂ ಆ ಪುಟದಲ್ಲಿರಲಿ. ಹೃದಯ ಸ್ತಂಭನದಲ್ಲಿ 300 ಮಿಲಿಗ್ರಾಂ ಒಮ್ಮೆಲೇ ಕೊಡುವುದಕ್ಕೆ ಮಾತ್ರ ಈ ಮಿತಿ ಅಡ್ಡಿಯಾಗಬಾರದು. ಆ ಕ್ಷಣದಲ್ಲಿ ಕೈಗಿಂತ ಜೀವ ದೊಡ್ಡದು.

ಖರೀದಿ ಪಟ್ಟಿಗೆ ಮೂರು ವಸ್ತುಗಳು ಸೇರಬೇಕು. 0.22 ಮೈಕ್ರಾನ್‌ನ ಇನ್‌ಲೈನ್ ಫಿಲ್ಟರ್ ಮೊದಲನೆಯದು. ಎರಡು ಗಂಟೆ ಮೀರಿದ ಡ್ರಿಪ್‌ಗೆ ಗಾಜಿನ ಅಥವಾ ಪಾಲಿಯೊಲಿಫಿನ್ ಬಾಟಲಿ ಬೇಕು, ಏಕೆಂದರೆ ಪಿವಿಸಿ ಚೀಲ ಔಷಧವನ್ನು ಹೀರಿಕೊಳ್ಳುತ್ತದೆ. ಕೊನೆಯದು ಇನ್‌ಫ್ಯೂಷನ್ ಪಂಪ್. ಇದರ ಬಗ್ಗೆ ಒತ್ತಿ ಹೇಳುತ್ತೇವೆ: ಈ ದ್ರಾವಣದ ಹನಿ ಚಿಕ್ಕದಾಗಿ ಬೀಳುವುದರಿಂದ, ಹನಿ ಎಣಿಸಿ ಹರಿಸಿದರೆ ರೋಗಿಗೆ ಶೇ. 30ರವರೆಗೆ ಔಷಧ ಕಡಿಮೆ ಹೋಗಬಹುದು. ರಾತ್ರಿ ಪಾಳಿಯಲ್ಲಿ ಎಷ್ಟೇ ನಿಷ್ಠೆಯಿಂದ ಎಣಿಸಿದರೂ ಈ ಕೊರತೆ ತುಂಬಲಾಗದು.

ಕ್ಯಾನುಲಾವನ್ನು ಅಂಗೈ ಹಿಂಬದಿ ಅಥವಾ ಮೊಣಕೈ ಮಡಿಕೆಯ ಬದಲು ಮುಂದೋಳಿನ ದೊಡ್ಡ ರಕ್ತನಾಳದಲ್ಲಿ ಹಾಕಬೇಕು. ಗಂಟೆಗೊಮ್ಮೆ ಆ ಜಾಗ ನೋಡಿ, ರಕ್ತನಾಳದ ಉರಿಯೂತ ಅಳೆಯುವ 0ಯಿಂದ 5ರವರೆಗಿನ ವಿಐಪಿ ಅಂಕವನ್ನು ಚಾರ್ಟ್‌ನಲ್ಲಿ ಬರೆಯುವುದು ಕಡ್ಡಾಯವಾಗಲಿ. ಅಂಕ 2 ಮುಟ್ಟಿದರೆ, ಅಂದರೆ ನೋವು, ಕೆಂಪು, ಊತ ಇವುಗಳಲ್ಲಿ ಎರಡು ಕಂಡರೆ, ವೈದ್ಯರ ಆದೇಶಕ್ಕೆ ಕಾಯದೆ ಕ್ಯಾನುಲಾ ಬದಲಿಸುವ ಅಧಿಕಾರ ನಮಗೆ ಲಿಖಿತವಾಗಿ ಬೇಕು. ಮಾತ್ರೆಗೆ ಬದಲಾಯಿಸಬಹುದೇ ಎಂದು ವೈದ್ಯರು ಪ್ರತಿದಿನ ಪರಿಶೀಲಿಸಿ ದಾಖಲಿಸಬೇಕು.

ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕಿನಿಂದ ದೊಡ್ಡ ಆಸ್ಪತ್ರೆಗೆ ರೋಗಿಯನ್ನು ಕಳಿಸುವಾಗ ಕ್ಯಾನುಲಾ ಹಾಕಿದ ಸಮಯ, ಔಷಧದ ಸಾಂದ್ರತೆ ಮತ್ತು ಕೊನೆಯ ವಿಐಪಿ ಅಂಕವನ್ನು ರೆಫರಲ್ ಚೀಟಿಯಲ್ಲಿ ಬರೆಯಲು ಜಾಗ ಕಲ್ಪಿಸಬೇಕು. ಆಂಬುಲೆನ್ಸ್‌ನಲ್ಲಿ ಜೊತೆಗಿರುವ ಸಿಬ್ಬಂದಿಗೂ ಇದೇ ತರಬೇತಿ ಸಿಗಬೇಕು.

ಮುಂದಿನ ಖರೀದಿಗೆ ಮುನ್ನ ಪ್ರತಿ ಆಸ್ಪತ್ರೆಯಿಂದ ಬೇಡಿಕೆಯ ಅಂದಾಜು ತರಿಸಿಕೊಂಡು, ಸೂಚನಾ ಪುಟವನ್ನಾದರೂ ತಕ್ಷಣ ಹೊರಡಿಸಬೇಕೆಂದು ಕೋರುತ್ತೇವೆ. ಅದರ ಕರಡು ಸಿದ್ಧಪಡಿಸುವ ಸಮಿತಿಯಲ್ಲಿ ಶುಶ್ರೂಷಾಧಿಕಾರಿಗಳಿಗೂ ಸ್ಥಾನವಿರಲಿ.


ತಮ್ಮ ವಿಶ್ವಾಸಿಗಳು,
(ಸಹಿಗಳನ್ನು ಲಗತ್ತಿಸಲಾಗಿದೆ)