ತೇಪೆಗೆಲ್ಲಿಯ ಸೂತಕ?

ಬಸವಾದಿ ಪ್ರಮಥರ ಗಣದಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ಶರಣರಿದ್ದರು. ಬಟ್ಟೆ ಹೊಲಿಯುವುದು ಅವರ ಕಾಯಕ. ಆ ಕಸುಬನ್ನು ಅವರು ಮರೆಮಾಚಲಿಲ್ಲ. ತಮ್ಮ ಹೆಸರಿನ ಮುಂದೆಯೇ ಸೂಜಿಯನ್ನು ಇರಿಸಿಕೊಂಡರು. ಕದಿರ ರೆಮ್ಮವ್ವೆಯವರ ಹೆಸರಿನಲ್ಲಿ ನೂಲುವ ಕದಿರಿದೆ, ಜೇಡರ ದಾಸಿಮಯ್ಯನವರ ಹೆಸರಿನಲ್ಲಿ ನೇಯ್ಗೆಯಿದೆ, ಮಾಚಿದೇವರ ಹೆಸರಿನಲ್ಲಿ ಮಡಿವಾಳತನವಿದೆ. ನೂಲುವವರು, ನೇಯುವವರು, ಹೊಲಿಯುವವರು, ಒಗೆಯುವವರು ಹೀಗೆ ಒಂದು ಅರಿವೆಯ ಇಡೀ ಆಯುಷ್ಯವೇ ಶರಣಸಂಕುಲದೊಳಗೆ ಅಡಕವಾಗಿತ್ತು.

ಇಂಥ ಪರಂಪರೆಯ ವಾರಸುದಾರರ ಮನೆಗಳಲ್ಲಿ ಇಂದು ಕೇಳಿಬರುವ ಮಾತುಗಳಾದರೂ ಎಂಥವು? ಹರಿದ ಸೀರೆ ಮನೆಯಲ್ಲಿದ್ದರೆ ದಾರಿದ್ರ್ಯವಂತೆ. ತೇಪೆ ಹಾಕಿದ ಬಟ್ಟೆಯುಟ್ಟು ಲಿಂಗಪೂಜೆಗೆ ಕೂರಬಾರದಂತೆ. ಅಜ್ಜಿಯ ಸೀರೆಯನ್ನು ಕತ್ತರಿಸಿ ಮೊಮ್ಮಗಳಿಗೆ ಲಂಗ ಹೊಲಿದರೆ ಅದು ಅಶುಭವಂತೆ. ಅದನ್ನು ತೊಡಿಸಿ ಮದುವೆಗೆ ಕರೆತಂದರೆ ಮನೆತನದ ಮಾನ ಹೋಗುವುದಂತೆ. ರೇಷ್ಮೆ ಸೀರೆಯ ಹೆಸರನ್ನೇ ಹೊತ್ತ ಮೊಳಕಾಲ್ಮೂರಿನ ಸೀಮೆಯಲ್ಲಿಯೇ, ಮಗ್ಗದ ಸದ್ದಿಗೆ ಕೂಗಳತೆಯ ದೂರದಲ್ಲಿಯೇ ಈ ಮಾತುಗಳು ನಿಶ್ಚಿಂತೆಯಿಂದ ಸಾಗಿವೆ. ಆಡುವವರು ಇದನ್ನು ಧರ್ಮವೆಂದೇ ನಂಬಿದ್ದಾರೆ. ಇದು ಯಾವ ಧರ್ಮವಾದರೂ ಆಗಿರಬಹುದು, ಶರಣಧರ್ಮವಂತೂ ಅಲ್ಲ.

ಹೊಲಿಗೆ ಬಿದ್ದ ಬಟ್ಟೆಗೆ ಮಡಿಯಿಲ್ಲವೆಂಬ ವಿಚಾರ ವೈದಿಕ ಆಚಾರದಿಂದ ಬಂದದ್ದು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನು ಲಿಂಗವಂತನಿಗೆ ಇಲ್ಲವೆಂದು ಶರಣರು ಸಾರಿದರು. ಹುಟ್ಟುಸಾವುಗಳಿಗೇ ಇಲ್ಲದ ಸೂತಕವು ಒಂದು ಗೇಣು ತೇಪೆಗೆ ಎಲ್ಲಿಂದ ಅಂಟಿಕೊಂಡಿತು? ಇಷ್ಟಲಿಂಗವನ್ನು ಸುತ್ತಿಕೊಳ್ಳುವ ಲಿಂಗವಸ್ತ್ರವಾದರೂ ಏನು? ಹಿರಿಯ ಬಟ್ಟೆಯೊಂದರಿಂದ ಬೇರ್ಪಡಿಸಿದ ಕಿರಿಯ ತುಂಡು. ಇನ್ನು ಕಂಬಳಿಯ ವಿಚಾರ. ಚಳ್ಳಕೆರೆಯ ಕಡೆ ಕೈಮಗ್ಗದಲ್ಲಿ ನೇಯುವ ಕುರಿಯುಣ್ಣೆಯ ಕಂಬಳಿಗೆ ನಾಡಿನಲ್ಲೆಲ್ಲ ಹೆಸರಿದೆ. ಮಗ್ಗದ ಅಗಲ ಕಿರಿದಾದುದರಿಂದ ಪಟ್ಟಿಗಳನ್ನು ಬೇರೆಬೇರೆಯಾಗಿ ನೇಯ್ದು, ಆಮೇಲೆ ಕೈಯಿಂದ ಕೂಡಿಸಿ ಹೊಲಿದು ದೊಡ್ಡ ಕಂಬಳಿ ಮಾಡುವುದು ವಾಡಿಕೆ. ಮದುವೆಯಲ್ಲಿ ಗದ್ದುಗೆಗೆ ಹಾಸುವುದು ಅದನ್ನೇ. ನಟ್ಟನಡುವೆ ಹೊಲಿಗೆಯುಳ್ಳ ಕಂಬಳಿಯ ಮೇಲೆ ವಧೂವರರನ್ನು ಕೂರಿಸಿ, ಪಕ್ಕದಲ್ಲಿ ನಿಂತ ಹುಡುಗಿಯ ಲಂಗದ ಹೊಲಿಗೆಯನ್ನು ಅಶುಭವೆನ್ನುವುದು ವಿಚಾರವಂತರಿಗೆ ಒಪ್ಪುವ ಮಾತಲ್ಲ.

ಮೊಳಕಾಲ್ಮೂರಿನ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಹೂವು, ಹಣ್ಣು, ಪ್ರಾಣಿಪಕ್ಷಿಗಳ ವಿನ್ಯಾಸವಿರುವ ಈ ಸೀರೆಯೊಂದನ್ನು ನೇಯಲು ನೇಕಾರನ ಮನೆಮಂದಿಯೆಲ್ಲ ದಿನಗಟ್ಟಲೆ ದುಡಿಯಬೇಕು. ಅಂಥ ಸೀರೆ ಹಳತಾಗುವ ರೀತಿಯೂ ಗಮನಾರ್ಹ. ಅದು ಎಲ್ಲೆಡೆ ಒಮ್ಮೆಗೇ ಸಾಯುವುದಿಲ್ಲ. ಪಾದಕ್ಕೆ ತಗಲುವ ಅಂಚು ಮೊದಲು ಸವೆಯುತ್ತದೆ. ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟರೆ ಆ ಮಡಿಕೆಯ ಗೆರೆಯುದ್ದಕ್ಕೂ ಎಳೆ ಬಿರುಕುಬಿಡುತ್ತದೆ, ಜರಿ ಮುರಿಯುತ್ತದೆ. ಆದರೆ ಸೊಂಟದಲ್ಲಿ ಒಳಗೆ ಸೇರುವ ಭಾಗಕ್ಕೆ ಬಿಸಿಲಿಲ್ಲ, ಉಜ್ಜಾಟವೂ ಕಡಿಮೆ. ಹೊರಮೈ ಮಾಸಿದ ಮೇಲೂ ಅಲ್ಲಿ ಬಣ್ಣ ಉಳಿದಿರುತ್ತದೆ. ಬಲ್ಲ ಹೆಂಗಸರು ಸೀರೆಯನ್ನು ಬೆಳಕಿಗೆ ಹಿಡಿದು, ಎಳೆ ತೆಳುವಾದೆಡೆಯನ್ನು ಬಿಟ್ಟು, ಮಡಿಕೆಯ ಗೆರೆಗಳನ್ನು ತಪ್ಪಿಸಿ ಕತ್ತರಿ ಇಡುತ್ತಾರೆ. ಹಳೆಯ ರೇಷ್ಮೆ ಹೊಲಿಗೆಯ ಎಳೆತವನ್ನು ತಾಳದು. ಆದ್ದರಿಂದ ಒಳಗೆ ಹತ್ತಿಯ ಅಸ್ತರು ಕೊಟ್ಟು, ಹೊಲಿಗೆಗೆ ಧಾರಾಳವಾಗಿ ಬಟ್ಟೆ ಬಿಟ್ಟು, ಸಣ್ಣ ಸೂಜಿಯಿಂದ ಹತ್ತಿರ ಹತ್ತಿರ ಹೊಲಿಯುತ್ತಾರೆ. ಭಾರವನ್ನು ಅಸ್ತರು ಹೊರುತ್ತದೆ, ರೇಷ್ಮೆ ಮೇಲೆ ನಿಶ್ಚಿಂತೆಯಿಂದಿರುತ್ತದೆ. ಒಡಲಿನಿಂದ ಲಂಗವಾಯಿತು, ಸೆರಗಿನಿಂದ ಕುಪ್ಪಸವಾಯಿತು, ಅಂಚು ಮತ್ತೊಂದು ಸಾದಾ ಸೀರೆಗೆ ಸೇರಿತು, ಚೂರುಗಳು ಕೌದಿಗೆ ಹೋದವು. ಈ ಜಾಣ್ಮೆಯನ್ನು ಬಡತನವೆಂದು ಕರೆದವರು ಮಗ್ಗದ ಮುಂದೆ ಒಂದು ದಿನವೂ ಕುಳಿತವರಲ್ಲ.

ಇಲ್ಲೊಂದು ಆಕ್ಷೇಪಣೆ ಬರುತ್ತದೆ. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಎಲ್ಲರೂ ಹಳೆಯದನ್ನೇ ತಿರುಗಿ ಹೊಲಿದುಟ್ಟರೆ ನೇಕಾರನ ಗತಿಯೇನು, ಹೊಸ ಸೀರೆ ಕೊಳ್ಳುವುದೇ ಅವನಿಗೆ ಮಾಡುವ ದಾಸೋಹವಲ್ಲವೇ ಎಂಬುದು ಆ ಆಕ್ಷೇಪಣೆ. ಮೇಲುನೋಟಕ್ಕೆ ಕರುಣೆಯ ಮಾತು. ಆದರೆ ನೇಕಾರನ ಕೂಳನ್ನು ಕಸಿದದ್ದು ಅಜ್ಜಿಯ ಸೂಜಿಯೇ? ಅವನ ವಿನ್ಯಾಸವನ್ನು ಕದ್ದು ವಿದ್ಯುತ್ ಮಗ್ಗದಲ್ಲಿ ಕೃತಕ ನೂಲಿನಿಂದ ತೆಗೆದ ಅಗ್ಗದ ಸೀರೆಯಲ್ಲವೇ? 1985ರ ಕೈಮಗ್ಗ ಮೀಸಲಾತಿ ಕಾಯ್ದೆಯಡಿ 22 ಬಗೆಯ ವಸ್ತ್ರಗಳನ್ನು ಕೈಮಗ್ಗಕ್ಕೆ ಮೀಸಲಿಡಲಾಗಿತ್ತು; ಆಮೇಲೆ ಅದು 11ಕ್ಕೆ ಇಳಿಯಿತು. ಅಖಿಲ ಭಾರತ ಕೈಮಗ್ಗ ಮಂಡಳಿಯನ್ನು 2020ರಲ್ಲಿ ವಿಸರ್ಜಿಸಲಾಯಿತು. ಕಾಯ್ದೆಯ ರಕ್ಷಣೆ ಸೊರಗಿದಾಗ ಉಳಿಯುವ ರಕ್ಷಣೆ ಕೊಳ್ಳುವವರ ಕಣ್ಣೊಂದೇ. ಆ ಕಣ್ಣು ಯಾರಲ್ಲಿದೆ? ಬಟ್ಟೆಯನ್ನು ಬಿಚ್ಚಿ ಹೊಲಿದವರಲ್ಲಿದೆ. ಅವರು ಅಂಗಡಿಯಲ್ಲಿ ಸೀರೆಯ ಹೊರಮೈಯನ್ನು ನೋಡಿ ಮರುಳಾಗುವುದಿಲ್ಲ. ತಿರುವಿ ಹಾಕಿ ಒಳಮೈ ನೋಡುತ್ತಾರೆ, ಅಂಚು ಒಡಲು ಕೂಡುವಲ್ಲಿ ಬೆರಳಾಡಿಸುತ್ತಾರೆ, ಎಳೆಯೊಂದನ್ನು ಎಳೆದು ಪರೀಕ್ಷಿಸುತ್ತಾರೆ. ಮೂರು ತಲೆಮಾರಿಗೆ ಬರಬೇಕಾದ ಬಟ್ಟೆಯೆಂದು ಬಲ್ಲವರು ಕೈಮಗ್ಗದ ಬೆಲೆಗೆ ಚೌಕಾಶಿ ಮಾಡರು. ಒಮ್ಮೆ ಉಟ್ಟು ಮೂಲೆಗೆಸೆಯುವವರೇ ಅಗ್ಗದ ನಕಲಿಗೆ ಕೈಚಾಚುವುದು. ಹಾಗಾಗಿ ಹೊಲಿಯುವವರೇ ನೇಕಾರನ ನಿಜವಾದ ಗಿರಾಕಿಗಳು.

ಶರಣೆ ಸತ್ಯಕ್ಕನವರು ದಾರಿಯಲ್ಲಿ ಬಿದ್ದ ಹೊನ್ನನ್ನಾಗಲಿ ವಸ್ತ್ರವನ್ನಾಗಲಿ ಕೈಯಿಂದ ಮುಟ್ಟೆನೆಂದು ಆಣೆಯಿಟ್ಟರು. (ದಾರಿಗೂ ಅರಿವೆಗೂ ಕನ್ನಡದಲ್ಲಿ ಬಟ್ಟೆಯೆಂಬ ಒಂದೇ ಹೆಸರಿರುವುದು ಸೊಗಸು.) ಹೊನ್ನಿನ ಪಕ್ಕದಲ್ಲಿ ವಸ್ತ್ರವನ್ನು ಹೆಸರಿಸಿದರೆಂದರೆ ಅದು ಆ ಕಾಲಕ್ಕೆ ಲೋಭ ಹುಟ್ಟಿಸುವಷ್ಟು ಬೆಲೆಯುಳ್ಳದ್ದಾಗಿತ್ತು. ಇಂದು ದಾರಿಯಲ್ಲಿ ಬಿದ್ದ ವಸ್ತ್ರವನ್ನು ಎತ್ತಿಕೊಳ್ಳಲು ಯಾವ ಲೋಭಿಯೂ ಬಗ್ಗಲಾರ.

ಬೊಂತಾದೇವಿಯವರ ಚರಿತೆಯನ್ನು ಈ ಸಂದರ್ಭದಲ್ಲಿ ನೆನೆಯಬೇಕು. ಅವರು ಕಾಶ್ಮೀರದ ಮಾಂಡವ್ಯಪುರದ ಅರಸುಕುಲದಲ್ಲಿ ಹುಟ್ಟಿದವರು. ನಿಜದೇವಿಯೆಂಬುದು ಮೊದಲಿನ ಹೆಸರು. ಎಲ್ಲವನ್ನೂ ತೊರೆದು ದಿಗಂಬರೆಯಾಗಿ ಹೊರಟ ಅವರಿಗೆ ಶಿವನು ಒಂದು ಬೊಂತೆಯನ್ನು ಹೊದಿಸಿದನೆಂದೂ ಅಂದಿನಿಂದ ಆ ಹೆಸರೇ ನಿಂತಿತೆಂದೂ ಪರಂಪರೆ ಹೇಳುತ್ತದೆ. ಬೊಂತೆಯೆಂದರೆ ಹಳೆಯ ಅರಿವೆಗಳನ್ನು ಒಂದರ ಮೇಲೊಂದಿಟ್ಟು ಹೊಲಿದ ಕೌದಿ. ಶಿವನ ಕೈಯಲ್ಲಿ ಪಟ್ಟೆ ಪೀತಾಂಬರಗಳಿರಲಿಲ್ಲವೇ? ರಾಜಕುಮಾರಿಗೆ ಅವನು ಆರಿಸಿ ಕೊಟ್ಟದ್ದು ತೇಪೆಯನ್ನು. ಇತ್ತ ಅಮ್ಮುಗೆ ರಾಯಮ್ಮನವರು ನೇಯ್ಗೆಯ ಕಾಯಕದವರು. ಉಡುಗೆತೊಡುಗೆಯನ್ನು ತೋರಿಕೆಗೆ ಬಳಸುವ ವೇಷಧಾರಿಗಳನ್ನು ಅವರಷ್ಟು ಕಟುವಾಗಿ ಜರೆದವರು ವಿರಳ. ಬಟ್ಟೆಯ ಬೆಲೆ ಬಲ್ಲವರಿಗೇ ವೇಷದ ಪೊಳ್ಳುತನವೂ ತಿಳಿಯುತ್ತದೆ. ಅದೇ ಕೌದಿಯನ್ನು ಬೆಂಗಳೂರಿನ ಅಂಗಡಿಯಲ್ಲಿ ಗಾಜಿನ ಹಿಂದೆ ತೂಗುಹಾಕಿ, ‘ಅಪ್‌ಸೈಕ್ಲಿಂಗ್’ ಎಂಬ ಚೀಟಿ ಅಂಟಿಸಿ ಸಾವಿರಾರು ರೂಪಾಯಿ ಕೇಳಿದರೆ ಕೊಡುವವರು, ಮನೆಯಲ್ಲಿ ಹಿರಿಯಾಕೆ ಕೌದಿ ಹೊಲಿಯಲು ಕುಳಿತರೆ ಬಂದವರೆದುರು ಸಂಕೋಚಪಡುತ್ತಾರೆ.

ದೋಷ ಮನೆಗಳದ್ದಷ್ಟೇ ಅಲ್ಲ. ಮಡಿಲು ತುಂಬುವಾಗ ಕೊಡುವ ರವಿಕೆ ಕಣವನ್ನೇ ನೋಡಬಹುದು. ಹೊಲಿಸಿಕೊಳ್ಳಲಿ ಎಂಬ ಹಾರೈಕೆಯಿಂದ ಹುಟ್ಟಿದ ಸಂಪ್ರದಾಯವದು. ಈಗ ಆ ಕಣ ಸೂಜಿಯ ಮುಖ ಕಾಣದೆ, ಮಡಿಕೆ ಬಿಚ್ಚದೆ, ಮನೆಯಿಂದ ಮನೆಗೆ ಅಲೆಯುತ್ತದೆ. ಕೊಟ್ಟವರಿಗೇ ಮರಳಿ ಬಂದ ಉದಾಹರಣೆಗಳೂ ಉಂಟು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಬರಡು ಸೀಮೆಯಲ್ಲಿ ಕೆರೆ ಕಟ್ಟಿಸಿ, ದುಡಿದಷ್ಟಕ್ಕೆ ತಕ್ಕ ಫಲವೆಂಬ ನೀತಿಯನ್ನು ಬದುಕಿ ತೋರಿದವರು. ಅವರ ರಥೋತ್ಸವದಲ್ಲಿ ಮುಕ್ತಿ ಬಾವುಟ ಲಕ್ಷಾಂತರ ರೂಪಾಯಿಗೆ ಹರಾಜಾಗುತ್ತದೆ. ಭಕ್ತಿಯ ಲೆಕ್ಕ ಬೇರೆಯೆಂದು ಒಪ್ಪೋಣವಾಗಲಿ. ಬಾವುಟವೂ ಯಾರೋ ನೂತು, ನೇಯ್ದು, ಹೊಲಿದ ಬಟ್ಟೆ ಎಂಬ ನೆನಪು ಆ ಕೂಗಾಟದಲ್ಲಿ ಎಷ್ಟು ಜನರಿಗಿರುತ್ತದೆ?

ಮಠಗಳೂ ಉತ್ತರ ಕೊಡಬೇಕು. ಪ್ರತಿ ಸಮಾರಂಭದಲ್ಲಿ ಅತಿಥಿಗಳ ಹೆಗಲೇರುವ ಹೊಳಪಿನ ಶಾಲುಗಳು ಯಾವ ಮಗ್ಗದವು? ಹೊದೆಯಲು ಬೆಚ್ಚಗಿಲ್ಲ, ಒಗೆದರೆ ಉಳಿಯವು. ಅದೇ ಹಣದಲ್ಲಿ ಚಳ್ಳಕೆರೆಯ ಕಂಬಳಿಯೊಂದನ್ನೋ ಮೊಳಕಾಲ್ಮೂರಿನ ಮಗ್ಗದಿಂದಿಳಿದ ಸಣ್ಣ ವಸ್ತ್ರವೊಂದನ್ನೋ ಕೊಡಲು ಅಡ್ಡಿಯೇನು? ಶಾಲುಗಳ ಸಂಖ್ಯೆ ಕಡಿಮೆಯಾಗುತ್ತದೆ, ಅಷ್ಟೆ. ಸಾಮೂಹಿಕ ವಿವಾಹಗಳಲ್ಲಿ ಅಜ್ಜಿಯ ಸೀರೆಯನ್ನು ಹೊಸದಾಗಿ ಹೊಲಿದು ಉಟ್ಟುಬಂದ ವಧುವಿಗೆ ವೇದಿಕೆಯ ಮೇಲೆ ಮೊದಲ ಸಾಲಿನ ಗದ್ದುಗೆ ಸಿಗಲಿ. ಮಠದ ವಿದ್ಯಾರ್ಥಿನಿಲಯಗಳ ಹುಡುಗರಿಗೆ, ಹುಡುಗಿಯರಿಗಷ್ಟೇ ಅಲ್ಲ, ಗುಂಡಿ ಹಚ್ಚುವುದು, ರಫು ಮಾಡುವುದು, ತೇಪೆ ಕೂಡಿಸುವುದು ಪಾಠವಾಗಲಿ. ರಾಮಿತಂದೆಗಳು ಗಂಡಸರೇ ಆಗಿದ್ದರಷ್ಟೆ.