ಯಾರ ಆಟಕ್ಕೆ ಅಪ್ಪಣೆ?

2022ರ ಜನವರಿಯ ಒಂದು ಸಂಜೆ. ಚಚಡಿಯ ನಮ್ಮ ಪಡಸಾಲೆಯಲ್ಲಿ ಮನೆಯ ಗಂಡಸರು ಟಿ.ವಿ. ಹಚ್ಚಿ ಪ್ರೊ ಕಬಡ್ಡಿ ನೋಡುತ್ತಿದ್ದರು. ಹಾಲು ಹಾಕಲು ಬಂದ ಹುಡುಗಿ ಬಾಗಿಲಲ್ಲೇ ನಿಂತಳು. ಎರಡು ವರ್ಷದ ಹಿಂದೆ ಎಂಟನೆಯ ಇಯತ್ತೆಯಲ್ಲಿದ್ದಾಗ ನಮ್ಮ ಶಾಲೆಯ ತಂಡದ ಚುರುಕಿನ ರೈಡರ್ ಅವಳು. "ಅಕ್ಕೋರ, ಇವರಿಗೆ ಜಡ್ಡ ಹತ್ತೂದಿಲ್ಲೇನ್ರಿ?" ಎಂದು ಕೇಳಿದಳು.

ಗಂಡಸರು ನಕ್ಕರು. ನನಗೆ ನಗು ಬರಲಿಲ್ಲ.

ಹತ್ತುತ್ತದೆ. ಅದಕ್ಕೇ ಅಷ್ಟು ಏರ್ಪಾಡು. 2021ರ ಡಿಸೆಂಬರ್ 22ರಿಂದ 2022ರ ಫೆಬ್ರವರಿ 25ರವರೆಗೆ ಹನ್ನೆರಡು ತಂಡಗಳನ್ನು ಬೆಂಗಳೂರಿನ ವೈಟ್‌ಫೀಲ್ಡ್‌ನ ಒಂದೇ ಹೋಟೆಲಿನಲ್ಲಿ ಆಡಿಸಿದರು. ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಜನವರಿ ಕೊನೆಗೆ ಎರಡು ತಂಡಗಳಲ್ಲಿ ಸೋಂಕು ಹಬ್ಬಿದಾಗ ವೇಳಾಪಟ್ಟಿ ಬದಲಿಸಿದರೇ ಹೊರತು ಆಟ ನಿಲ್ಲಿಸಲಿಲ್ಲ. ಅದೇ ಬೆಂಗಳೂರಿನಲ್ಲಿ ಜನವರಿ 6ರಿಂದ ಒಂಬತ್ತನೆಯ ತರಗತಿವರೆಗಿನ ಮಕ್ಕಳಿಗೆ ಶಾಲೆ ಮುಚ್ಚಿತ್ತು!

ಲೀಗ್ ನಡೆಸಿದ್ದೇ ತಪ್ಪೆಂದು ನಾನು ಹೇಳುವುದಿಲ್ಲ. ಆಟಗಾರನಿಗೂ ಹೊಟ್ಟೆಯಿದೆ. 2021ರ ಏಪ್ರಿಲ್‌ನಲ್ಲಿ ಊರಿಂದೂರಿಗೆ ತಿರುಗುತ್ತ ಆಡಿದ ಐಪಿಎಲ್ ಮೇ 4ಕ್ಕೆ ನಿಂತಿತು. ಆ ಪಾಠ ಕಲಿತು ಒಂದೇ ಕಡೆ ಕೂಡಿಸಿ ಆಡಿಸಿದ್ದು ಜಾಣತನವೇ. ನನ್ನ ತಕರಾರು ಬೇರೆ. ಈ ಜಾಣತನ ಹೆಣ್ಣಿನ ಆಟಕ್ಕೆ ಬಂದಾಗ ಎಲ್ಲಿ ಅಡಗುತ್ತದೆ? 2020ರಲ್ಲಿ ಅರಬರ ನಾಡಿನಲ್ಲಿ ಐಪಿಎಲ್ಲಿನ 60 ಪಂದ್ಯ ನಡೆದವು. ಹೆಣ್ಣುಮಕ್ಕಳ ಟಿ20 ಚಾಲೆಂಜಿಗೆ ಸಿಕ್ಕದ್ದು ಶಾರ್ಜಾದಲ್ಲಿ ನಾಲ್ಕು. ಮರುವರ್ಷ ಅದೂ ಇಲ್ಲ. ಏಷ್ಯನ್ ಕ್ರೀಡಾಕೂಟದಲ್ಲಿ 2010 ಮತ್ತು 2014ರಲ್ಲಿ ಕಬಡ್ಡಿಯ ಚಿನ್ನ ತಂದ ತಂಡಗಳಲ್ಲಿ ನಮ್ಮ ಕರ್ನಾಟಕದ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಇದ್ದರು. ಆದರೂ ಆ ಹೋಟೆಲಿನಲ್ಲಿ ಹೆಣ್ಣುಮಕ್ಕಳ ಒಂದು ತಂಡವೂ ಇರಲಿಲ್ಲ.

ಇನ್ನು ಹಳ್ಳಿಯ ಮಾತು. 2020ರ ಆಗಸ್ಟಿನಲ್ಲಿ ವಿದ್ಯಾಗಮ ಬಂತು. ಗುಡಿಯ ಕಟ್ಟೆಯ ಮೇಲೆ, ಮರದ ನೆರಳಲ್ಲಿ ಸಣ್ಣ ಗುಂಪು ಮಾಡಿ ಪಾಠ ಹೇಳಿದೆವು. ಸೋಂಕಿನ ಭಯಕ್ಕೆ ಅಕ್ಟೋಬರಿನಲ್ಲಿ ಅದು ನಿಂತಿತು. ಲೀಗಿನವರು ವೇಳಾಪಟ್ಟಿ ತಿದ್ದಿಕೊಂಡರು. ನಮಗೆ ತಿದ್ದಿಕೊಳ್ಳುವ ಅವಕಾಶ ಸಿಗಲಿಲ್ಲ.

ತಪ್ಪು ನನ್ನದೂ ಇದೆ. "ಮುಂಜಾನೆ ಬಯಲಾಗ ದೂರದೂರ ಓಡ್ತೀವ್ರಿ" ಎಂದು ನಾಲ್ಕು ಹುಡುಗಿಯರು ಕೇಳಿದಾಗ "ಸುಮ್ಮನೆ ಮನೆಯಲ್ಲಿರಿ" ಎಂದು ಗದರಿದವಳು ನಾನೇ. ಗಂಡುಹುಡುಗರು ಕಣದಲ್ಲಿ ಕ್ರಿಕೆಟ್ ಆಡುತ್ತಲೇ ಇದ್ದರು. ಅವರನ್ನು ನಾನು ತಡೆಯಲಿಲ್ಲ. ಹುಡುಗಿಯರ ಪಾಲಿಗೆ ಸಗಣಿ, ನೀರು, ಕಳೆ ಬಂದವು. 2021ರ ಆಗಸ್ಟ್ 23ಕ್ಕೆ ಒಂಬತ್ತು, ಹತ್ತನೆಯ ತರಗತಿ ತೆರೆದಾಗ ಆ ರೈಡರ್ ಬರಲಿಲ್ಲ. ಮನೆಗೆ ಹೋಗಿ ಕರೆದೆ. "ಇನ್ನೇನ್ ಸಾಲಿರೀ, ವರ ನೋಡಾಕ್ಹತ್ತೀವಿ" ಎಂದಳು ತಾಯಿ.

ಇಂಥ ರೋಗ ಮತ್ತೆ ಬರಬಹುದು. ಆಗಲೂ ಲೀಗುಗಳು ಅಪ್ಪಣೆ ಕೇಳುತ್ತವೆ, ಕೊಡಲಿ. ಆದರೆ ಅದೇ ಮೇಜಿನ ಮೇಲೆ ಇನ್ನೊಂದು ಹಾಳೆಯೂ ಇರಲಿ. ಶಾಲೆಯ ಬಯಲನ್ನು ಎಷ್ಟು ಮಕ್ಕಳಿಗೆ, ಯಾವ ಎಚ್ಚರದಲ್ಲಿ ತೆರೆಯಬೇಕೆಂದು ಅದರಲ್ಲಿ ಬರೆದಿರಲಿ. ಎರಡಕ್ಕೂ ಒಂದೇ ದಿನ ಸಹಿ ಬೀಳಲಿ. ಅದನ್ನು ಕೇಳಬೇಕಾದವರು ನಾವು, ತಾಯಂದಿರು ಮತ್ತು ಅಕ್ಕೋರುಗಳು.

ಆ ಸಂಜೆ ಹುಡುಗಿಗೆ ನಾನು ಉತ್ತರ ಕೊಡಲಿಲ್ಲ. ಅವಳು ಹಾಲು ಅಳೆದು ಹಾಕಿ, ಟಿ.ವಿ.ಯ ಕಡೆ ಇನ್ನೊಮ್ಮೆ ನೋಡಿ, ಬಿರಬಿರನೆ ಹೋದಳು. ರೈಡರ್‌ಳ ನಡಿಗೆ ಇನ್ನೂ ಹೋಗಿರಲಿಲ್ಲ.