ಹೆಸರು ನಾಲ್ಕು, ಊರು ಒಂದು

ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿಯಲ್ಲಿ ಮೈಕಾಲ, ಕನ್ನಡದಲ್ಲಿ ಮಂಗಳೂರು. ಈ ನಾಲ್ಕು ಹೆಸರು ಹೇಳುವ ಮಕ್ಕಳಿಗೂ ನಾನು ಪಾಠ ಹೇಳಿದ್ದೇನೆ. ಒಂದು ಹೆಸರು ಉಳಿಯಬೇಕಾದರೆ ಇನ್ನೊಂದು ಅಳಿಯಬೇಕೆಂದು ಯಾವ ಮಗುವೂ ಹೇಳಿದ್ದಿಲ್ಲ. ದೊಡ್ಡವರಲ್ಲಿ ಕೆಲವರಿಗೆ ಮಾತ್ರ ಈ ಊರು ಒಬ್ಬರದೇ ಆಗಬೇಕು. ‘ನಮ್ಮ ಸಂಸ್ಕೃತಿ ಹಾಳಾಯಿತು’ ಎಂಬುದು ಅವರ ಕೂಗು. ಯಾವುದಪ್ಪಾ ಆ ಸಂಸ್ಕೃತಿ ಎಂದು ನಾವು ಹೆಂಗಸರು ಒಮ್ಮೆಯಾದರೂ ಕೇಳಬೇಡವೇ?

ಅಡುಗೆಮನೆಯಿಂದಲೇ ನೋಡೋಣ. ಕೋರಿರೊಟ್ಟಿಯ ಸಾರಿಗೆ ಅರೆಯುವ ಕೆಂಪು ಮೆಣಸು, ಹಬ್ಬದ ಪಾಯಸಕ್ಕೆ ಹಾಕುವ ಗೇರುಬೀಜ ಎರಡೂ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಸರೊಂದಿಗೆ ಕಡಲು ದಾಟಿ ಬಂದವು. ಮಂಗಳೂರು ಹೆಂಚಿಗೆ ಹೆಸರು ತಂದದ್ದು 1865ರಲ್ಲಿ ಬಾಸೆಲ್ ಮಿಶನ್ ತೆರೆದ ಕಾರ್ಖಾನೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಇಲ್ಲಿ ಹೊರತಂದವರು ಜರ್ಮನಿಯ ಮೋಗ್ಲಿಂಗ್. ಇವೆಲ್ಲ ಹೊರಗಿನವೆಂದು ಎಸೆದರೆ ಬಾಯಿಗೆ ರುಚಿಯೂ ಇಲ್ಲ, ತಲೆಗೆ ಸೂರೂ ಇಲ್ಲ, ಕೈಗೆ ಪತ್ರಿಕೆಯೂ ಇಲ್ಲ.

ಬಂದರಿನ ಬದುಕೆಲ್ಲ ಹಾಲುಜೇನಾಗಿತ್ತೆಂದು ನಾನು ಹೇಳುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ನೆಲೆಸಿದ್ದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು, ಅಶು ಎಂಬ ದಾಸಿಗೆ 1132ರಲ್ಲಿ ಬಿಡುಗಡೆ ಪತ್ರ ಬರೆದುಕೊಟ್ಟ. ಅವಳನ್ನೇ ಮದುವೆಯಾದನೆಂದು ವಿದ್ವಾಂಸರ ಅಭಿಪ್ರಾಯ. ಬಿಡುಗಡೆ ಪತ್ರವಿತ್ತೆಂದರೆ ಹೆಣ್ಣಿಗೆ ದಾಸ್ಯವೂ ಇತ್ತು ತಾನೆ? ‘1784ರಲ್ಲಿ ಟಿಪ್ಪು ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದದ್ದನ್ನು ಮರೆಯಬೇಕೇ’ ಎಂದು ಕೆಲವರು ಕೇಳುತ್ತಾರೆ. ಖಂಡಿತ ಮರೆಯಬಾರದು. ಆದರೆ 1799ರ ನಂತರ ಬದುಕುಳಿದವರಲ್ಲಿ ಅನೇಕರು ಈ ಊರಿಗೇ ಮರಳಿದರು ಎಂಬುದನ್ನೂ ಮರೆಯಬಾರದು. ನೋವನ್ನು ನೆನೆಯುವುದು ಬೇರೆ, ಅದನ್ನು ಇನ್ನೊಬ್ಬರ ಮಕ್ಕಳ ಮೇಲೆ ತೀರಿಸಿಕೊಳ್ಳುವುದು ಬೇರೆ.

ಈ ಸಂಸ್ಕೃತಿರಕ್ಷಕರು ಮೆಣಸನ್ನು ತಡೆಯುವುದಿಲ್ಲ, ಹೆಂಚನ್ನು ಇಳಿಸುವುದಿಲ್ಲ. ಅವರ ಕಣ್ಣು ಬೀಳುವುದು ಹೆಣ್ಣುಮಕ್ಕಳ ಮೇಲೆ. 2009ರ ಜನವರಿಯಲ್ಲಿ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆದು ಎಳೆದಾಡಿದ್ದನ್ನು ದೇಶವೇ ಟೀವಿಯಲ್ಲಿ ನೋಡಿತು. ಪಬ್ಬಿಗೆ ಹೋಗುವುದು ನನಗೆ ಒಗ್ಗದ ವಿಷಯ, ಆ ಮಾತು ಬೇರೆ. ಕೈಯೆತ್ತುವ ಅಧಿಕಾರವನ್ನು ಅವರಿಗೆ ಕೊಟ್ಟವರು ಯಾರು? ಬೇರೆ ಮತದ ಸಹಪಾಠಿಯೊಡನೆ ಮಾತಾಡಲೂ ಹುಡುಗಿ ಸುತ್ತಮುತ್ತ ನೋಡಬೇಕಾದರೆ, ಅವಳು ಕಲಿತ ವಿದ್ಯೆಯ ಗತಿಯೇನು?

ತಾಯಂದಿರೇ, ಹೀಗೆ ಕಾವಲಿಗೆ ಹೊರಡುವ ಹುಡುಗರು ಕಡಲಿನಿಂದ ಎದ್ದು ಬಂದವರಲ್ಲ. ನಾವು ಹೆತ್ತವರು, ನಾವು ಓದಿಸಿದವರು. ಮಗಳಿಗೆ ‘ಕತ್ತಲಾಗುವ ಮೊದಲು ಮನೆಗೆ ಬಾ’ ಎನ್ನುವ ನಾವು, ಮಗ ರಾತ್ರಿ ಮನೆಗೆ ಬಂದಾಗ ‘ಎಲ್ಲಿಗೆ ಹೋಗಿದ್ದೆ, ಯಾರನ್ನು ಹೆದರಿಸಿ ಬಂದೆ’ ಎಂದೂ ಕೇಳಬೇಕು.